ಶೇ 106 ಮಳೆ ಬರುವ ತನಕ ಏನು ಕುಡಿಯಬೇಕು, ಮಾನ್ಯ ಶಾಸಕರೇ?

ಬೆಂಗಳೂರು, 29 ಏಪ್ರಿಲ್ 2024

ಮಾನ್ಯ ಶಾಸಕರಿಗೆ ನಮಸ್ಕಾರಗಳು.

2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳ ಪೈಕಿ ಒಂದರಲ್ಲಿ ಮನೆ ಕಟ್ಟಿಕೊಂಡು, ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತದ ನೀರಿಗಾಗಿ ವರ್ಷಗಟ್ಟಲೆ ಕಾದಿರುವ ನಿಮ್ಮ ಮತದಾರರಲ್ಲಿ ನಾನೂ ಒಬ್ಬ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಘೋಷಿಸಿದೆ. ಅಶ್ವಿನಿ ಮಳೆ ಕೈಕೊಟ್ಟಿತು, ನಿನ್ನೆ ನಗರದ ತಾಪಮಾನ 38 ಡಿಗ್ರಿ ದಾಟಿತು. ನಮ್ಮ ಬೀದಿಯ ಕೊಳವೆಬಾವಿ ಫೆಬ್ರುವರಿಯಿಂದ ಬರೀ ಗಾಳಿ ಕಾರುತ್ತಿದೆ.

ಬೆಂಗಳೂರು ನಗರ ಜಿಲ್ಲಾಡಳಿತ ಮಾರ್ಚ್‌ನಲ್ಲಿ ನಿಗದಿಪಡಿಸಿದ ಟ್ಯಾಂಕರ್ ದರ ನಿಮಗೆ ತಿಳಿದೇ ಇದೆ: ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ. ಆ ದರಕ್ಕೆ ನಮಗೆ ನೀರು ಕೊಡಿಸಿ.

ಹೋದ ವಾರ ನಮ್ಮ ತಂದೆಯವರ ತಿಥಿ. ಪುರೋಹಿತರು ಒಂಬತ್ತಕ್ಕೆ ಬರುವವರಿದ್ದರು, ಸಂಪಿನಲ್ಲಿ ಒಂದು ಕೊಡವೂ ಇರಲಿಲ್ಲ. ಏಳಕ್ಕೆ ಬಂದ ಟ್ಯಾಂಕರಿನವನು 2,200 ಕೇಳಿದ. ಮೊಬೈಲಿನಲ್ಲಿದ್ದ ಆದೇಶದ ಪ್ರತಿ ತೋರಿಸಿದ್ದೇ ತಪ್ಪಾಯಿತು. ಸಂಪಿಗೆ ಇಳಿಬಿಟ್ಟಿದ್ದ ಪೈಪನ್ನು ಎಳೆದುಕೊಂಡು, "ಹಂಗಾದ್ರೆ ಸರ್ಕಾರದೋರ ಹತ್ರಾನೇ ತರಿಸ್ಕೊಳಿ" ಎಂದು ತುಂಬಿದ ಲಾರಿಯೊಂದಿಗೆ ಹೊರಟೇ ಹೋದ. ಇಪ್ಪತ್ತು ಲೀಟರಿನ ಕ್ಯಾನುಗಳಲ್ಲಿ ತಂದೆಯವರಿಗೆ ತರ್ಪಣ ಬಿಟ್ಟೆವು. ದೂರು ಕೊಟ್ಟ ಮೂರನೇ ದಿನ "ನಿಮ್ಮ ದೂರು ಇತ್ಯರ್ಥವಾಗಿದೆ" ಎಂಬ ಸಂದೇಶ ಬಂತು. ಇತ್ಯರ್ಥವಾದದ್ದು ದೂರೋ ನಾವೋ ತಿಳಿಯದು.

ನಿಮ್ಮ ಕಚೇರಿಯಲ್ಲಿ ವಿಚಾರಿಸಿದಾಗ, ಈ ಬಾರಿ ಮುಂಗಾರು ಸರಾಸರಿಯ ಶೇ 106ರಷ್ಟು ಎಂದು ಹವಾಮಾನ ಇಲಾಖೆ ಹೇಳಿದೆ, ಮೇ ಮೊದಲ ವಾರವೇ ಗುಡುಗು ಮಳೆಯೂ ಆದೀತು, ಸ್ವಲ್ಪ ತಾಳಿ ಎಂದರು. ಹವಾಮಾನ ಇಲಾಖೆ ತನ್ನ ಕೆಲಸ ಮಾಡಿದೆ, ಸಂತೋಷ. ಆದರೆ ಸಂಜೆಯ ಒಂದು ಗುಡುಗು ಮಳೆ ಕಾಂಕ್ರೀಟಿನ ಮೇಲೆ ಬಿದ್ದು ರಾಜಕಾಲುವೆ ಸೇರುತ್ತದೆಯೇ ಹೊರತು ಸಾವಿರ ಅಡಿಯ ಕೊಳವೆಬಾವಿಯನ್ನು ತುಂಬಿಸುವುದಿಲ್ಲ, ಮುಂಗಾರು ಬರುವುದು ಜೂನ್‌ಗೆ. ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ಹಾಕಲು ಸಿಬ್ಬಂದಿ ಸಿಗುತ್ತಾರೆ. ದುಪ್ಪಟ್ಟು ಸುಲಿಯುವ ಟ್ಯಾಂಕರನ್ನು ತಡೆಯಲು ಒಬ್ಬರೂ ಸಿಗುವುದಿಲ್ಲವೇ?

ಲೋಕಸಭಾ ಚುನಾವಣೆಯ ಮತದಾನ ಮುಗಿದು ಮೂರು ದಿನವಾಯಿತು, ಈಗಲಾದರೂ ತಮಗೆ ಬಿಡುವಿರಬಹುದು. ನಮ್ಮ ಬಡಾವಣೆಗೆ ವಾರಕ್ಕೆ ಎರಡು ಬಾರಿ, ನಿಗದಿತ ದಿನ, ನಿಗದಿತ ದರಕ್ಕೆ ಟ್ಯಾಂಕರ್ ಕಳುಹಿಸಿ. ಮಳೆ ಬಂದರೂ ಸರಿ, ಬಾರದಿದ್ದರೂ ಸರಿ, ನಿಗದಿತ ದರಕ್ಕೆ ಕಳುಹಿಸಿ.

ಇಂತಿ,
ಖಾಲಿ ಸಂಪಿನ ಮಾಲೀಕ