ಮಕ್ಕಳ ಚಿತ್ರಗಳಲ್ಲಿ ಅಪ್ಪ, ಅಮ್ಮ

ಮಾನ್ಯ ಸಂಪಾದಕರೇ,

ಮಕ್ಕಳ ಅನಿಮೇಷನ್ ಚಿತ್ರಗಳಲ್ಲಿ ಸ್ತ್ರೀವಾದವನ್ನು ಬಲವಂತವಾಗಿ ತುರುಕಲಾಗುತ್ತಿದೆ ಎಂಬ ಆಕ್ಷೇಪ ಈಚೆಗೆ ಆಗಾಗ ಕೇಳಿಬರುತ್ತಿದೆ. 1937ರ ‘ಸ್ನೋ ವೈಟ್’ನಲ್ಲಿ ರಾಜಕುಮಾರಿ ಏಳು ಮಂದಿ ಕುಳ್ಳರ ಮನೆ ಗುಡಿಸಿ, ಅಡುಗೆ ಮಾಡಿ ಆಶ್ರಯ ಪಡೆದಾಗಲೂ ಒಂದು ಬೋಧನೆ ಇದ್ದೇ ಇತ್ತು, ನಮಗದು ರೂಢಿಯಾಗಿದ್ದರಿಂದ ಕಾಣಿಸಲಿಲ್ಲ, ಅಷ್ಟೇ.

2018ರ ‘ಇನ್‌ಕ್ರೆಡಿಬಲ್ಸ್ 2’ ಚಿತ್ರದಲ್ಲಿ ತಾಯಿ ಹೆಲೆನ್ ಕೆಲಸಕ್ಕೆ ಹೊರಟರೆ, ತಂದೆ ಬಾಬ್ ಮನೆಯಲ್ಲುಳಿದು ಮಗನ ಗಣಿತದ ಹೋಂವರ್ಕ್, ಕೈಗೂಸಿನ ರಂಪ ಎರಡನ್ನೂ ನಿಭಾಯಿಸುತ್ತ ನಿದ್ದೆಗೆಡುತ್ತಾನೆ. ಹಾಗಿದ್ದೂ ತನ್ನ ಶೂ ಎಲ್ಲಿದೆಯೆಂದು ಮಗ ಫೋನ್ ಮಾಡುವುದು ಕೆಲಸದ ನಡುವೆ ಇರುವ ತಾಯಿಗೇ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡೂ ಟಿಫನ್ ಬಾಕ್ಸ್, ಯೂನಿಫಾರ್ಮ್‌ಗಳ ಲೆಕ್ಕ ಒಪ್ಪಿಸುವ ಬೆಂಗಳೂರಿನ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನ್ನ ತಕರಾರು ಬೇರೆ: ತಂದೆ ನಾಲ್ಕು ದಿನ ಪರದಾಡಿದರೆ ಅದು ಹಾಸ್ಯವೂ ಸಾಹಸವೂ ಆಗುತ್ತದೆ, ತಾಯಿ ವರ್ಷಗಟ್ಟಲೆ ಮಾಡಿದ ಅದೇ ಕೆಲಸ ಕಥೆಯೇ ಆಗುವುದಿಲ್ಲ.

ತೆರೆಯ ಹಿಂದಿನ ಸಂಗತಿಯೂ ಗಮನಾರ್ಹ. ತಮ್ಮ ಮಗಳೊಂದಿಗಿನ ಒಡನಾಟದಿಂದಲೇ ‘ಬ್ರೇವ್’ (2012) ಕಥೆಯನ್ನು ಹೆಣೆದ ಬ್ರೆಂಡಾ ಚಾಪ್‌ಮನ್ ಅವರನ್ನು ನಿರ್ಮಾಣದ ನಡುವೆಯೇ ನಿರ್ದೇಶನದಿಂದ ಬಿಡಿಸಲಾಯಿತು. ಆಸ್ಕರ್ ಬಂದಾಗ ಮಾತ್ರ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು. ಹೀಗಿರುವಾಗ ‘ತುರುಕಲಾಗುತ್ತಿದೆ’ ಎಂಬ ದೂರು ಅತಿಯಾಯಿತೆನಿಸುತ್ತದೆ.

ನಗರದ ಶಾಲೆಗಳು, ಅಪಾರ್ಟ್‌ಮೆಂಟ್ ಸಂಘಗಳು ರಜೆಯಲ್ಲಿ ಇಂಥ ಚಿತ್ರಗಳನ್ನು ತೋರಿಸುವಾಗ, ಹುಡುಗಿಯರನ್ನಷ್ಟೇ ಅಲ್ಲದೆ ಹುಡುಗರನ್ನೂ, ಸಾಧ್ಯವಾದರೆ ಅವರ ಅಪ್ಪಂದಿರನ್ನೂ ಕೂರಿಸಿಕೊಂಡು ಚರ್ಚಿಸಬೇಕೆಂದು ವಿನಂತಿಸುತ್ತೇನೆ.

– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು