ಚಿಕ್ಕಮ್ಮನ ಮನೆಗೆ ಹೊರಟ ಮಗಳಿಗೆ

ಶಿರಸಿ

ಪ್ರೀತಿಯ ಕೂಸೇ,

ವೀಸಾ ಬಂತು ಎಂದು ನೀನು ಹೇಳಿದಾಗಿನಿಂದ ಮನೆಯಲ್ಲಿ ಅದೇ ಮಾತು. ನೀನು ಕಳಿಸಿದ ಪಟ್ಟಿಯನ್ನೂ ನೋಡಿದೆ. ಒಂದು ವಾರದ ಲಂಡನ್ನಿಗೆ ಅಷ್ಟೊಂದು ಜಾಗ! ಅದರಲ್ಲಿ ಅರ್ಧ ಹೊಡೆದುಹಾಕು ಎನ್ನುವುದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ‘ಆತು ಆಯಿ’ ಎಂದು ಮರೆತುಬಿಡುತ್ತೀಯ.

ಚಿಕ್ಕಮ್ಮ ನಿನಗಾಗಿ ರಜೆ ಹಾಕಿದ್ದಾಳೆ. ಊರಿನಿಂದ ಯಾರೇ ಹೋದರೂ ಅವರ ಜೊತೆ ಹಗಲೆಲ್ಲ ಮ್ಯೂಸಿಯಂ, ಸೇತುವೆ, ಅರಮನೆ ಎಂದು ತಿರುಗಿ, ರಾತ್ರಿ ಬಂದು ಒಲೆಯ ಮುಂದೆ ನಿಲ್ಲುವವಳು ಅವಳು. ನಾನು ಹೋಗಿದ್ದಾಗ ಕಣ್ಣಾರೆ ಕಂಡಿದ್ದೇನೆ. ನೀನು ಹೋಗುತ್ತಿರುವುದು ಅವಳ ಮನೆಗೆ. ಲಂಡನ್ ಆ ಮನೆಯ ಸುತ್ತ ಇದೆ, ಅಷ್ಟೆ.

ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಂದು ಬೆಳಿಗ್ಗೆ ಒಬ್ಬಳೇ ಹೋಗಿ ಬಾ. ಪ್ರವೇಶ ಉಚಿತ, ಹಾಗಾಗಿ ದುಡ್ಡು ಕೊಟ್ಟಿದ್ದಕ್ಕೆ ಪೂರ್ತಿ ನೋಡಲೇಬೇಕು ಎಂಬ ಹಟ ಬೇಡ. ಥೇಮ್ಸ್ ದಂಡೆಯಲ್ಲಿ, ಪಾರ್ಲಿಮೆಂಟಿನ ಆಚೆ ದಡಕ್ಕೆ ಬಸವಣ್ಣನವರ ಪ್ರತಿಮೆ ಇದೆ. 2015ರಲ್ಲಿ ಮೋದಿಯವರು ಅನಾವರಣ ಮಾಡಿದ್ದು. ಅಲ್ಲಿಗೆ ಚಿಕ್ಕಮ್ಮನ ಮಗ ಮಾಣಿಯನ್ನು ಕರೆದುಕೊಂಡು ಹೋಗು. ಅವನಿಗೆ ನಮ್ಮ ಮಾತು ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನೀನು ಕನ್ನಡ ಬಿಡಬೇಡ, ಅವನನ್ನು ತಿದ್ದಲೂ ಬೇಡ. ನಾಲ್ಕು ದಿನ ಅಕ್ಕನ ಹಿಂದೆ ತಿರುಗಿದರೆ ತಾನೇ ಬಾಯಿಬಿಡುತ್ತಾನೆ.

ಚಿಕ್ಕಮ್ಮನ ಜೊತೆ ಹೋಗಬೇಕಾದ್ದು ಗ್ರೀನಿಚ್‌ಗೆ, ಅದೂ ಊಟ ಮುಗಿಸಿ ರಾತ್ರಿಗೆ. ಜೂನಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಒಂಬತ್ತು ಗಂಟೆ ದಾಟಿದ ಮೇಲೆ. ಸೊನ್ನೆ ರೇಖಾಂಶದ ಗೆರೆ ತುಳಿಯಲು ಬರುವ ಪ್ರವಾಸಿಗರ ಗಲಾಟೆ ಆಗ ಇರುವುದಿಲ್ಲ. ಕಟ್ಟಿ ಸಾರ್ಕ್ ಹಡಗಿನ ಹತ್ತಿರ ಗಾಜಿನ ಗುಮ್ಮಟದ ಒಂದು ದುಂಡು ಕಟ್ಟಡವಿದೆ. ಅದರೊಳಗೆ ಸುತ್ತು ಮೆಟ್ಟಿಲು ಇಳಿದರೆ ನದಿಯ ಅಡಿಯಲ್ಲಿ ನಡೆದುಹೋಗುವ ಸುರಂಗ. 1902ರದ್ದು, ಸುಮಾರು 370 ಮೀಟರ್ ಉದ್ದ. ಗೋಡೆಗೆಲ್ಲ ಬಿಳಿ ಹೆಂಚಿನ ಬಿಲ್ಲೆ, ತಂಪು ಗಾಳಿ, ಎಲ್ಲಿಯೋ ನಡೆಯುವವರ ಹೆಜ್ಜೆ ನಮ್ಮ ಬೆನ್ನ ಹಿಂದೆಯೇ ಕೇಳುತ್ತದೆ. ನಾವಿಬ್ಬರೂ ಅಲ್ಲಿ ನಡೆದಾಗ ಅವಳು ಇದ್ದಕ್ಕಿದ್ದಂತೆ ತದಡಿಯ ಮಾತು ತೆಗೆದಳು. ಅಜ್ಜಿಮನೆಗೆ ಹೋಗುವಾಗ ತದಡಿಯಿಂದ ಅಘನಾಶಿನಿಗೆ ದೋಣಿ ದಾಟುತ್ತಿದ್ದೆವಲ್ಲ, ಆಗ ಅವಳು ನನ್ನ ಕೈ ಬಿಡುತ್ತಿರಲಿಲ್ಲ. ಅವತ್ತೂ ಬಿಡಲಿಲ್ಲ.

ಆಚೆ ದಡದಲ್ಲಿ ಹತ್ತಿ ಕುಳಿತುಕೊಳ್ಳಿ. ಅದು ನದಿಯಾದರೂ ಸಮುದ್ರದ ಭರತ, ಇಳಿತ ಅಲ್ಲಿಯವರೆಗೂ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿನಲ್ಲಿ ನೀರು ಆರು ಮೀಟರಿಗೂ ಹೆಚ್ಚು ಏರಿಳಿಯುತ್ತದೆ. ನಮ್ಮ ಅಘನಾಶಿನಿ ಹೊಳೆಯಲ್ಲಿ ಇಷ್ಟು ಎಲ್ಲಿ. ಅವಳು ಎಷ್ಟೋ ವರ್ಷದಿಂದ ಅದನ್ನು ಒಬ್ಬಳೇ ನೋಡುತ್ತಿದ್ದಾಳೆ. ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಎನ್ನುತ್ತಾಳೆ. ಅಜ್ಜ ತೀರಿಕೊಂಡಾಗ ಬರಲಾಗದ್ದರ ಬಗ್ಗೆ ನನ್ನ ಹತ್ತಿರ ಒಂದು ಮಾತೂ ಆಡಿಲ್ಲ. ನಿನ್ನ ಹತ್ತಿರ ಆಡಿದರೆ ಕೇಳಿಸಿಕೊ. ಸಮಾಧಾನ ಹೇಳಲು ಹೋಗಬೇಡ.

ಅಡುಗೆಮನೆಗೆ ನೀನೇ ಒಂದು ದಿನ ನುಗ್ಗು. ತಂಬುಳಿ ಮಾಡು, ಹಪ್ಪಳ ಕರಿ, ಅವಳನ್ನು ಕೂರಿಸಿ ಬಡಿಸು. ಅವಳಿಗೆ ಬಡಿಸುವವರು ಅಲ್ಲಿ ಯಾರಿದ್ದಾರೆ?

ತುಪ್ಪ ಕಟ್ಟಿಕೊಡುವ ಆಸೆ ಇತ್ತು, ಆದರೆ ಹಾಲಿನ ಪದಾರ್ಥ ಆ ದೇಶದೊಳಗೆ ಬಿಡುವುದಿಲ್ಲ. ಹಲಸಿನ ಹಪ್ಪಳ ಒಣಗಿದೆ, ಅಪ್ಪೆಮಿಡಿ ಉಪ್ಪಿನಕಾಯಿಗೆ ಎರಡು ಸುತ್ತು ಪ್ಲಾಸ್ಟಿಕ್ ಸುತ್ತಿದ್ದೇನೆ. ಅದನ್ನು ಕೈಚೀಲದಲ್ಲಿ ಇಡಬೇಡ, ತಡೆಯುತ್ತಾರೆ. ದೊಡ್ಡ ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಇಡು. ಶುಕ್ರವಾರ ರಾತ್ರಿ ಬಸ್ಸಿಗೆ ಹಾಕುತ್ತೇನೆ, ಶನಿವಾರ ಬೆಳಿಗ್ಗೆ ಬೇಗ ಎದ್ದು ಹೋಗಿ ಇಳಿಸಿಕೊ.

ನಿನ್ನ ಆಯಿ