ಸಾಮಿಲ್‌ನಲ್ಲಿ ಸಿಕ್ಕ ಮೇಸ್ತ್ರಿಗೆ

ಶಿಡ್ಲಘಟ್ಟದ ಹಳೇ ಮನೆಗೆ ಜಂತೆ ಬದಲಿಸಬೇಕಿತ್ತು. ಚಿಕ್ಕಬಳ್ಳಾಪುರದ ಸಾಮಿಲ್ಲೊಂದರಲ್ಲಿ ಮತ್ತಿ ಮರದ 12 ಜಂತೆ ಆರಿಸಿ ಟೆಂಪೋಗೆ ಏರಿಸುವ ಹೊತ್ತಿಗೆ, ಟೀ ಕುಡಿಯುತ್ತಿದ್ದ ಬಡಗಿಯೊಬ್ಬರು ಲೋಟ ಕೆಳಗಿಟ್ಟು ಬಂದರು. 'ಒಂದ್ನಿಮಿಷ ತಡೀರಿ ಸಾರ್' ಅಂದವರೇ ಒಂದೊಂದು ಗಂಟನ್ನೂ ಉಳಿಯ ಹಿಡಿಯಿಂದ ತಟ್ಟಿದರು. ಒಂದರ ಸುತ್ತ ಕಪ್ಪು ಬಳೆ. ಉಗುರು ತಾಗಿದ್ದಕ್ಕೇ ಅಲ್ಲಾಡಿತು. ಸತ್ತ ಗಂಟಂತೆ, ಒಣಗಿದರೆ ಉದುರುತ್ತದಂತೆ. ಅಂಥ 3 ಜಂತೆ ವಾಪಸ್ ಕೊಡಿಸಿದರು. ಗಟ್ಟಿ ಗಂಟಿನವಕ್ಕೆ ಸೀಮೆಸುಣ್ಣದಲ್ಲಿ ಬಾಣ ಎಳೆದು, 'ಈ ಮಗ್ಗುಲು ಮೇಲಕ್ಕೆ ಬರ್ಲಿ. ನಟ್ಟನಡುವೆ, ಕೆಳಗಿನ ಅಂಚಲ್ಲಿ ಗಂಟು ಬಂದ್ರೆ ಅಲ್ಲೇ ಸೀಳೋದು' ಅಂದರು. ನಾನೋ, ಬಣ್ಣ ನೋಡಿ ಆರಿಸಿದ್ದವನು!

ದುಡ್ಡು ಕೊಡಹೋದರೆ ತಣ್ಣಗಾದ ಟೀ ತೋರಿಸಿ ನಕ್ಕರು. ಇನ್ನೊಂದು ಟೀ ಕೊಡಿಸಿದೆ, ಅಷ್ಟೇ. ಹೆಸರು ಕೇಳಲು ಮರೆತೆ. ಥ್ಯಾಂಕ್ಸ್ ಮೇಸ್ತ್ರಿ, ಜಂತೆ ಏರಿವೆ. ನಿಮ್ಮ ಬಾಣಗಳು ಇನ್ನೂ ಕಾಣುತ್ತಿವೆ.